ಹಾಕಿಯ ಅಗ್ರಪೂಜೆ

ರಾಜಸೂಯದ ಸಭೆಯಲ್ಲಿ ಅಗ್ರಪೂಜೆ ಯಾರಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆ ಎದ್ದಾಗ ಭೀಷ್ಮನು ಕೃಷ್ಣನ ಹೆಸರನ್ನು ಹೇಳಿದ್ದು ಒಂದೇ ಮಾತಿನಲ್ಲಿ. ಆ ಮಾತಿನ ಹಿಂದಿದ್ದ ಕಾರಣಗಳು ಸಭೆಗೆ ವಿಶದವಾದುದು ಶಿಶುಪಾಲನು ಎದ್ದುನಿಂತು ಆಕ್ಷೇಪಿಸಿದ ಮೇಲೆಯೇ. ಹಾಕಿ ಆಟದಲ್ಲಿ ಸರ್ವಶ್ರೇಷ್ಠನಾರೆಂಬ ವಿಚಾರದಲ್ಲಿಯೂ ನಮ್ಮ ದೇಶದವರು ಬಹುಕಾಲ ಧ್ಯಾನ್‌ಚಂದ್ ಎಂಬ ಒಂದೇ ಹೆಸರನ್ನು ಹೇಳಿ ತೃಪ್ತರಾಗಿದ್ದರು. ಅದು ವಾದದ ವಿಷಯವೆಂದೇ ಯಾರಿಗೂ ತೋರಿರಲಿಲ್ಲ. ಎರಡನೆಯ ಹೆಸರನ್ನು ಧೈರ್ಯವಾಗಿ ಎತ್ತುವವರು ಹುಟ್ಟಿದ ಮೇಲೆ, ಮೊದಲನೆಯ ಹೆಸರಿಗೆ ಆ ಗೌರವ ಏತಕ್ಕೆ ಸಲ್ಲಬೇಕೆಂದು ಕೇಳಿಕೊಳ್ಳುವ ಅಗತ್ಯ ಬಂದಿತು. ಆ ಅಗತ್ಯವನ್ನು ನಾನು ಮನಸಾರೆ ಸ್ವಾಗತಿಸುವವನು. ಪರೀಕ್ಷೆಗೆ ಒಳಗಾಗದ ಕೀರ್ತಿ ಕ್ರಮೇಣ ಕಟ್ಟುಕಥೆಯಲ್ಲಿ ಕರಗಿಹೋಗುವುದುಂಟು, ಧ್ಯಾನ್‌ಚಂದರ ಕೀರ್ತಿಗೆ ಆ ಅಪಾಯ ಒದಗಿಯೂ ಇದೆ.

1905ರ ಆಗಸ್ಟ್ 29ರಂದು ಪ್ರಯಾಗದಲ್ಲಿ, ಸಿಪಾಯಿಯೊಬ್ಬನ ಮಗನಾಗಿ ಅವರು ಹುಟ್ಟಿದರು. ತಂದೆಯ ವರ್ಗಾವಣೆಗಳಿಂದ ಊರೂರು ಅಲೆದ ಆ ಸಂಸಾರ ಕಡೆಗೆ ಝಾನ್ಸಿಯಲ್ಲಿ ನೆಲೆನಿಂತಿತು. ಹುಡುಗನ ಓದು ಅಷ್ಟಕ್ಕಷ್ಟೆ. 1922ರಲ್ಲಿ, 16ನೆಯ ವಯಸ್ಸಿನಲ್ಲಿ, ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರುವವರೆಗೆ ಅವರಿಗೆ ಹಾಕಿಯ ಮೇಲೆ ವಿಶೇಷವಾದ ಆಸಕ್ತಿಯೂ ಇರಲಿಲ್ಲ. ಮನಸ್ಸು ಎಳೆಯುತ್ತಿದ್ದುದು ಕುಸ್ತಿಯ ಕಡೆಗೆ. ರೆಜಿಮೆಂಟಿನ ಸುಬೇದಾರ್ ಮೇಜರ್ ತಿವಾರಿಯವರು ಆ ಹುಡುಗನ ಕೈಗೆ ಕೋಲು ಕೊಟ್ಟು ಆಟದ ಮೊದಲ ಪಾಠ ಹೇಳಿದರು. ಅಂದಿನ ಕಂಟೋನ್ಮೆಂಟುಗಳಲ್ಲಿ ಹಾಕಿ ಸಿಪಾಯಿಯ ದಿನಚರಿಯ ಒಂದು ಭಾಗವಾಗಿದ್ದಿತೆಂಬುದನ್ನೂ, ಪರದೇಶದ ಅಧಿಕಾರಿಯೂ ಅವನ ಕೈಕೆಳಗಿನ ಸಿಪಾಯಿಯೂ ಒಂದೇ ಚೆಂಡಿಗಾಗಿ ಹೆಣಗಬಹುದಾಗಿದ್ದ ಅತಿ ವಿರಳವಾದ ಸ್ಥಳ ಆ ಮೈದಾನವೇ ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಂಡರೆ, ಈ ಆಟ ನಮ್ಮ ಜನಕ್ಕೆ ಅಷ್ಟು ಬೇಗ ತಮ್ಮದೇ ಎನಿಸಿದ ಮರ್ಮ ತಿಳಿಯುತ್ತದೆ.

1926ರಲ್ಲಿ ಭಾರತೀಯ ಸೈನ್ಯದ ತಂಡ ನ್ಯೂಜಿಲೆಂಡಿಗೆ ಹೋಯಿತು. 21 ಪಂದ್ಯಗಳಲ್ಲಿ 18ನ್ನು ಗೆದ್ದು, ಎರಡನ್ನು ಸಮ ಮಾಡಿಕೊಂಡು, ಒಂದನ್ನು ಮಾತ್ರ ಸೋತು, ಒಟ್ಟು 192 ಗೋಲುಗಳನ್ನು ಹೊಡೆದು ಬಂದ ಆ ತಂಡದ ಮುಂಪಡೆಯ ನಡುವೆ ನಿಂತು ಆಡಿದವರು ಈ ಸಿಪಾಯಿ. ಹಿಂದಿರುಗಿದ ಮೇಲೆ ಸಿಕ್ಕಿದ ಬಹುಮಾನ ಲ್ಯಾನ್ಸ್ ನಾಯಕನ ಹುದ್ದೆ. ಅದರ ಹಿಂದಿನ ವರ್ಷ ಗ್ವಾಲಿಯರಿನಲ್ಲಿ ಸ್ಥಾಪಿತವಾಗಿದ್ದ ಭಾರತೀಯ ಹಾಕಿ ಫೆಡರೇಶನ್, 1928ರಲ್ಲಿ ಕಲ್ಕತ್ತೆಯ ಅಂತರ ಪ್ರಾಂತೀಯ ಪಂದ್ಯಾವಳಿಯಿಂದ ಆಟಗಾರರನ್ನು ಆರಿಸಿ ಆಮ್‌ಸ್ಟರ್‌ಡ್ಯಾಮಿಗೆ ಕಳುಹಿಸಿತು. ಅಲ್ಲಿ ನಡೆದ ಐದು ಪಂದ್ಯಗಳಲ್ಲಿ ಭಾರತದ ಗೋಲುಗಳು 29, ಎದುರಾಳಿಗಳದು ಸೊನ್ನೆ. ಆ 29ರಲ್ಲಿ 14 ಧ್ಯಾನ್‌ಚಂದರವು.

ಮುಂದಿನ ಒಲಿಂಪಿಕ್ಸಿನ ವೇಳೆಗೆ ರೆಜಿಮೆಂಟು ವಜೀರಿಸ್ತಾನದ ಗಡಿಯಲ್ಲಿದ್ದಿತು. ಆಯ್ಕೆಯ ಪಂದ್ಯಾವಳಿಗೆ ರಜೆ ದೊರೆಯಲಿಲ್ಲ. ಆಯ್ಕೆ ಮಾಡುವವರು ಪರೀಕ್ಷೆಯೇ ಬೇಡವೆಂದು ಅವರ ಹೆಸರನ್ನು ಬರೆದುಕೊಂಡರು. ಲಾಸ್ ಏಂಜಲೀಸಿನಲ್ಲಿ ಜಪಾನಿನ ಮೇಲೆ 11–1, ಅಮೆರಿಕದ ಮೇಲೆ 24–1. ಧ್ಯಾನ್‌ಚಂದರೂ ಅವರ ತಮ್ಮ ರೂಪ್‌ಸಿಂಗರೂ ಸೇರಿ ಆ 35 ಗೋಲುಗಳಲ್ಲಿ 25ನ್ನು ಹೊಡೆದರೆಂಬುದನ್ನು ನಮ್ಮ ಪತ್ರಿಕೆಗಳು ಇಂದಿಗೂ ಹೆಮ್ಮೆಯಿಂದ ಅಚ್ಚುಮಾಡುತ್ತವೆ. ಆದರೆ ಆ ಕೂಟದಲ್ಲಿ ಭಾಗವಹಿಸಿದ ತಂಡಗಳು ಮೂರೇ ಮೂರು. ಆಡಿದ ಎರಡು ಪಂದ್ಯಗಳನ್ನೂ ಸೋತ ಅಮೆರಿಕ ಕಂಚಿನ ಪದಕವನ್ನು ಪಡೆಯಿತು. ಧ್ಯಾನ್‌ಚಂದರ ಅಭಿಮಾನಿಯಾಗಿಯೇ ನಾನು ಹೇಳಬಯಸುವುದೇನೆಂದರೆ, ವಾದದ ತಕ್ಕಡಿಯಲ್ಲಿ ಈ 24 ಗೋಲುಗಳನ್ನು ಇಡಬಾರದು. ಅವುಗಳಿಂದ ಅವರಿಗೆ ಗೌರವ ಹೆಚ್ಚುವುದಿಲ್ಲ, ಪ್ರತಿವಾದಿಗೆ ಮಾತ್ರ ಅಸ್ತ್ರ ದೊರೆಯುತ್ತದೆ. ಕೋಲಿನೊಳಗೆ ಅಯಸ್ಕಾಂತ ಇರಬಹುದೆಂಬ ಸಂಶಯದಿಂದ ಅದನ್ನು ಮುರಿದು ನೋಡಿದರೆಂಬ ಕಥೆಯನ್ನೂ, ಹಿಟ್ಲರನು ಜರ್ಮನ್ ಸೈನ್ಯದಲ್ಲಿ ಉನ್ನತ ಪದವಿಯನ್ನು ಕೊಡಲು ಬಂದನೆಂಬ ಕಥೆಯನ್ನೂ ಹೀಗೆಯೇ ಬದಿಗಿಡಬೇಕು. ನಿಜವಾದ ಆಟದ ವೃತ್ತಾಂತವೇ ಸಾಕಷ್ಟು ಇರುವಾಗ ಮಾಂತ್ರಿಕತೆಯ ಸಾಕ್ಷ್ಯ ಯಾರಿಗೆ ಬೇಕು?

ಆ ನಿಜವಾದ ವೃತ್ತಾಂತ ಬರ್ಲಿನ್ನಿನದು. 1936ರಲ್ಲಿ ತಂಡದ ನಾಯಕರು ಧ್ಯಾನ್‌ಚಂದರೇ. ಜರ್ಮನಿಗೆ ಹೋಗಿ ಇಳಿದ ಮೇಲೆ ಅಭ್ಯಾಸಕ್ಕೆಂದು ಆತಿಥೇಯರೊಡನೆ ಆಡಿದ ಪಂದ್ಯದಲ್ಲಿ ಭಾರತ 4–1ರಿಂದ ಸೋತಿತು. ಎಂಟು ವರ್ಷ ಒಲಿಂಪಿಕ್ಸಿನಲ್ಲಿ ಸೋಲನ್ನೇ ಅರಿಯದ ತಂಡಕ್ಕೆ ಅದು ಎಂತಹ ಆಘಾತವೆಂದರೆ, ಮುಂಪಡೆಯ ಕೊರತೆಯನ್ನು ತುಂಬಲು ದಾರಾ ಅವರನ್ನು ಭಾರತದಿಂದ ವಿಮಾನದಲ್ಲಿ ಕರೆಸಿಕೊಳ್ಳಬೇಕಾಯಿತು. ಅನಂತರ ಹಂಗೇರಿ, ಅಮೆರಿಕ, ಜಪಾನ್, ಫ್ರಾನ್ಸ್ ಒಂದಾದ ಮೇಲೊಂದು ಸೋತು, ಭಾರತ ಒಂದು ಗೋಲನ್ನೂ ಕೊಡದೆ ಕೊನೆಯ ಪಂದ್ಯಕ್ಕೆ ಬಂದಾಗ ಎದುರಿಗೆ ನಿಂತದ್ದು ಅದೇ ಜರ್ಮನಿ. ಮಳೆಯಿಂದಾಗಿ ಒಂದು ದಿನ ಮುಂದೆ ಹೋದ ಆ ಪಂದ್ಯ ನಡೆದದ್ದು ಆಗಸ್ಟ್ 15ರಂದು; ಆ ದಿನಾಂಕಕ್ಕೆ ನಮ್ಮ ದೇಶದಲ್ಲಿ ಮುಂದೆ ಬರಲಿದ್ದ ಅರ್ಥ ಅಂದು ಯಾರಿಗೂ ಗೊತ್ತಿರಲಿಲ್ಲವಾದರೂ, ಆಟಕ್ಕೆ ಇಳಿಯುವ ಮುನ್ನ ತಂಡದ ವ್ಯವಸ್ಥಾಪಕರಲ್ಲೊಬ್ಬರಾದ ಪಂಕಜ್ ಗುಪ್ತರು ಕಾಂಗ್ರೆಸ್ಸಿನ ತ್ರಿವರ್ಣಧ್ವಜವನ್ನು ಹೊರತೆಗೆದು ತೋರಿಸಿದರೆಂದೂ ಆಟಗಾರರೆಲ್ಲರೂ ಅದಕ್ಕೆ ವಂದಿಸಿ ಹೊರಟರೆಂದೂ ಆ ತಂಡದವರ ನೆನಪುಗಳಲ್ಲಿ ದಾಖಲಾಗಿದೆ. ನೆಲ ಒದ್ದೆ, ಜರ್ಮನರ ರಕ್ಷಣೆ ಬಿಗಿ. ಅರ್ಧ ಆಟ ಮುಗಿದಾಗ ಒಂದೇ ಗೋಲು. ಜಾರುವ ಬೂಟುಗಳನ್ನು ಕಳಚಿ ನಾಯಕರು ದ್ವಿತೀಯಾರ್ಧಕ್ಕೆ ಇಳಿದರೆಂದು ಹೇಳುತ್ತಾರೆ. ಫಲ 8–1. ಆ ಎಂಟರಲ್ಲಿ ಅವರವು ಎಷ್ಟೆಂಬ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗಿದೆ. ಮೂರೆಂಬವರಿದ್ದಾರೆ, ಆರೆಂಬವರೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಮುಖ್ಯವೇ ಅಲ್ಲ. ಒಂದು ತಿಂಗಳ ಹಿಂದೆ ತಮ್ಮನ್ನು ಸೋಲಿಸಿದ ತಂಡವನ್ನು ಅದರದೇ ನೆಲದಲ್ಲಿ, ಅದರದೇ ಜನಸಮೂಹದ ಎದುರಿಗೆ, ಮತ್ತೆ ತಲೆಯೆತ್ತದಂತೆ ಮಾಡಿದ ಆ ಅರ್ಧ ಪಂದ್ಯವೇ ಅವರ ಶ್ರೇಷ್ಠತೆಗೆ ಪ್ರಥಮ ಸಾಕ್ಷಿ.

ಇನ್ನು ಆಕ್ಷೇಪಣೆ. 1908ರಲ್ಲಿಯೂ 1920ರಲ್ಲಿಯೂ ಹಾಕಿಯ ಚಿನ್ನವನ್ನು ಗೆದ್ದ ಬ್ರಿಟನ್ 1928ರಿಂದ 1936ರವರೆಗಿನ ಮೂರು ಒಲಿಂಪಿಕ್ಸುಗಳಲ್ಲಿ ಒಂದಕ್ಕೂ ಹಾಕಿ ತಂಡವನ್ನು ಕಳುಹಿಸಲಿಲ್ಲ. ತನ್ನ ಆಳ್ವಿಕೆಯಲ್ಲಿದ್ದ ದೇಶದಿಂದ ಲೋಕದ ಎದುರಿಗೆ ಸೋಲುವ ಭಯವೇ ಇದಕ್ಕೆ ಕಾರಣವೆಂದು ಅನೇಕರು ಬರೆದಿದ್ದಾರೆ. ಭಾರತದ ಆಟವನ್ನು ಬ್ರಿಟನ್ನಿನವರು ಆಮ್‌ಸ್ಟರ್‌ಡ್ಯಾಮಿನ ಮಾರ್ಗದಲ್ಲಿ ಫೋಕ್‌ಸ್ಟನ್ ಪಂದ್ಯೋತ್ಸವದಲ್ಲಿಯೇ ಕಂಡಿದ್ದರು. ಕಾರಣ ಏನೇ ಇರಲಿ, ಧ್ಯಾನ್‌ಚಂದರ ಮೂರು ಚಿನ್ನದ ಪದಕಗಳೂ ಬ್ರಿಟನ್ನಿನ ಗೈರುಹಾಜರಿಯಲ್ಲಿ ಗೆದ್ದಂಥವು. ನಾನು ಮೊದಲು ಹೇಳಿದ ಆ ಎರಡನೆಯ ಹೆಸರು ಬಲ್ಬೀರ್‌ಸಿಂಗರದು; ಅವರ ಪಕ್ಷದವರು ತಮ್ಮ ವಾದವನ್ನು ಇಲ್ಲಿಂದಲೇ ಪ್ರಾರಂಭಿಸುತ್ತಾರೆ, ಹಾಗೆ ಪ್ರಾರಂಭಿಸುವುದು ನ್ಯಾಯವೂ ಹೌದು.

1948ರ ಲಂಡನ್ನನ್ನು ಸ್ವಲ್ಪ ಊಹಿಸಿಕೊಳ್ಳಿ. ದೇಶ ಸ್ವತಂತ್ರವಾಗಿ ಇನ್ನೂ ಒಂದು ವರ್ಷ ತುಂಬಿಲ್ಲ. ವಿಭಜನೆಯಿಂದ ಪಂಜಾಬಿನ ಹಾಕಿ ಎರಡು ಹೋಳಾಗಿ, ಒಟ್ಟಿಗೆ ಆಡಿದ ಗೆಳೆಯರು ಎರಡು ದೇಶಗಳ ಅಂಗಿ ತೊಟ್ಟಿದ್ದಾರೆ. ಮೊದಲ ಬಾರಿ ಆಡಿದ ಅರ್ಜೆಂಟೀನದ ವಿರುದ್ಧದ ಪಂದ್ಯದಲ್ಲಿ ಬಲ್ಬೀರರು ಆರು ಗೋಲು ಹೊಡೆದರೂ ಅನಂತರದ ಪಂದ್ಯಗಳಿಗೆ ಅವರನ್ನು ಕೈಬಿಡಲಾಯಿತು. ಆಗಸ್ಟ್ 12ರಂದು ವೆಂಬ್ಲಿಯಲ್ಲಿ ಬ್ರಿಟನ್ನಿನ ಎದುರಿಗೆ ಕೊನೆಯ ಪಂದ್ಯಕ್ಕೆ ಮತ್ತೆ ಕರೆ ಬಂದಿತು. 4–0ರ ಆ ಗೆಲವಿನ ಮೊದಲ ಎರಡು ಗೋಲುಗಳು ಅವರವು. ಆಳಿದವರ ರಾಜಧಾನಿಯಲ್ಲಿ, ಆಳಿದವರನ್ನೇ ಸೋಲಿಸಿ, ಹೊಸ ಧ್ವಜವನ್ನು ಏರಿಸಿದ ಆ ಗಳಿಗೆಗೆ ಸಮನಾದ ಗಳಿಗೆ ನಮ್ಮ ಕ್ರೀಡಾಚರಿತ್ರೆಯಲ್ಲಿ ಮತ್ತೊಂದಿಲ್ಲ. 1952ರಲ್ಲಿ ಹೆಲ್ಸಿಂಕಿಯಲ್ಲಿ ಭಾರತದ 13 ಗೋಲುಗಳಲ್ಲಿ 9 ಅವರವು. ಹಾಲೆಂಡಿನ ವಿರುದ್ಧ 6–1ರ ಅಂತಿಮ ಪಂದ್ಯದಲ್ಲಿ ಅವರೊಬ್ಬರೇ ಐದು ಗೋಲು ಹೊಡೆದರು. ಪುರುಷರ ಒಲಿಂಪಿಕ್ ಅಂತಿಮ ಪಂದ್ಯದಲ್ಲಿ ಆ ದಾಖಲೆಯನ್ನು ಈವರೆಗೆ ಯಾರೂ ಮುರಿದಿಲ್ಲ. 1956ರಲ್ಲಿ ಮೆಲ್ಬರ್ನಿನಲ್ಲಿ ನಾಯಕರಾಗಿ, ಬೆರಳಿನ ಮೂಳೆ ಮುರಿದಿದ್ದರೂ ಕೊನೆಯ ಪಂದ್ಯಕ್ಕೆ ಇಳಿದು, ಪಾಕಿಸ್ತಾನವನ್ನು 1–0ರಿಂದ ಸೋಲಿಸಿದ ತಂಡವನ್ನು ಮುನ್ನಡೆಸಿದರು. ಎಂಟು ಒಲಿಂಪಿಕ್ ಪಂದ್ಯಗಳಲ್ಲಿ 22 ಗೋಲು. ಸರಾಸರಿಯನ್ನು ಲೆಕ್ಕ ಹಾಕುವವರು ಹಾಕಿಕೊಳ್ಳಲಿ. ಮೈದಾನವನ್ನು ಬಿಟ್ಟ ಮೇಲೂ ಅವರ ಸೇವೆ ನಿಲ್ಲಲಿಲ್ಲ. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದ ಮ್ಯಾನೇಜರು ಅವರೇ. ಪಾಕಿಸ್ತಾನದ ವಿರುದ್ಧ ನಿರ್ಣಾಯಕವಾದ ಎರಡನೆಯ ಗೋಲನ್ನು ಹೊಡೆದವರು ಧ್ಯಾನ್‌ಚಂದರ ಮಗ ಅಶೋಕ್‌ಕುಮಾರ್. ನಮ್ಮ ಕೊಡಗಿನ ಬಿ. ಪಿ. ಗೋವಿಂದ ಅವರೂ ಆ ತಂಡದಲ್ಲಿದ್ದರು.

ಈ ಇಬ್ಬರಲ್ಲಿಯೇ ವಾದವನ್ನು ಮುಗಿಸುವುದು ಇತರರಿಗೆ ಅನ್ಯಾಯವಾದೀತು. ರೂಪ್‌ಸಿಂಗರು ಅಣ್ಣನ ನೆರಳಿನಲ್ಲಿ ಹುಟ್ಟದೆ ಬೇರೆ ಯಾವ ಮನೆಯಲ್ಲಿ ಹುಟ್ಟಿದ್ದರೂ ಅವರ ಹೆಸರಿನಲ್ಲಿಯೇ ಒಂದು ಪಂಥ ಬೆಳೆಯುತ್ತಿತ್ತೆಂದು ನಂಬುತ್ತೇನೆ. ಬಾರಾಬಂಕಿಯ ಕೆ. ಡಿ. ಸಿಂಗ್ ಬಾಬು ಹೆಲ್ಸಿಂಕಿಯ ತಂಡದ ನಾಯಕರು. ಲೆಸ್ಲಿ ಕ್ಲಾಡಿಯಸ್ ಮತ್ತು ಉಧಮ್‌ಸಿಂಗ್ ಇಬ್ಬರೂ ತಲಾ ನಾಲ್ಕು ಒಲಿಂಪಿಕ್ಸುಗಳಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದವರು. ಕ್ಲಾಡಿಯಸ್ ಹಾಫ್‌ಬ್ಯಾಕ್, ಗೋಲಿನ ಲೆಕ್ಕದಿಂದ ಶ್ರೇಷ್ಠತೆಯನ್ನು ಅಳೆಯುವವರ ಕಣ್ಣಿಗೆ ಅಂಥವರು ಬೀಳುವುದೇ ಇಲ್ಲ.

ಕಾಲಾಂತರದಲ್ಲಿ ಆಟವೇ ಬದಲಾಯಿತು. ಇಂಗ್ಲೆಂಡಿನಿಂದ ಬಂದ ಕೋಲಿನ ತಲೆ ಆಶ್ ಮರದಿಂದ ಮಾಡಿದ್ದು, ಉದ್ದವಾದದ್ದು. ನಮ್ಮ ಪಂಜಾಬಿನ ಕುಶಲಕರ್ಮಿಗಳು ಸುಲಭವಾಗಿ ಬಾಗುವ ಹಿಪ್ಪುನೇರಳೆಯ ಮರದಿಂದ ಆ ತಲೆಯನ್ನು ಗಿಡ್ಡವಾಗಿಸಿ, ಕೋಲನ್ನು ಮಗುಚಿ ಚೆಂಡನ್ನು ಎರಡೂ ಬದಿಗೆ ಆಡಿಸಲು ಅನುಕೂಲ ಮಾಡಿಕೊಟ್ಟರು. ಭಾರತದ ಆಟಗಾರನ ಮಣಿಕಟ್ಟಿನ ಚಮತ್ಕಾರವನ್ನು ಹೊಗಳುವವರು ಈ ಅನಾಮಧೇಯ ಬಡಗಿಗಳನ್ನೂ ಸ್ಮರಿಸುವುದು ಉಚಿತ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹುಲ್ಲಿನ ಬದಲು ಕೃತಕ ನೆಲಹಾಸು ಬಂದಿತು; ಆಫ್‌ಸೈಡ್ ನಿಯಮ ಮೊದಲು ಸಡಿಲವಾಗಿ, ಕಳೆದ ಶತಮಾನದ ಕೊನೆಯಲ್ಲಿ ಪೂರ್ತಿ ರದ್ದಾಯಿತು. ಚುರುಕಾದ ಓಟವೂ ಮೈಯ ಕಸುವೂ ಪ್ರಧಾನವಾದ ಈ ಹೊಸ ಆಟದಲ್ಲಿ ಪಾಕಿಸ್ತಾನದ ಶಾಬಾಜ್ ಅಹ್ಮದ್ 1990 ಮತ್ತು 1994ರ ಎರಡು ವಿಶ್ವಕಪ್ಪುಗಳಲ್ಲಿಯೂ ಅತ್ಯುತ್ತಮ ಆಟಗಾರನೆನಿಸಿದರು. ಹಾಲೆಂಡಿನ ಟ್ಯೂನ್ ಡಿ ನೋಯರ್ 450ಕ್ಕೂ ಮಿಕ್ಕ ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದರು. ಆಸ್ಟ್ರೇಲಿಯದ ಜೇಮಿ ಡ್ವೈಯರ್ ಐದು ಬಾರಿ ವರ್ಷದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯನ್ನು ಪಡೆದರು. ಅದೇ ಪ್ರಶಸ್ತಿಯನ್ನು ಮಹಿಳೆಯರಲ್ಲಿ ಎಂಟು ಬಾರಿ ಪಡೆದ ಅರ್ಜೆಂಟೀನದ ಲೂಸಿಯಾನಾ ಐಮಾರ್ ಅವರ ಹೆಸರನ್ನು ನಮ್ಮ ವಾದಗಳಲ್ಲಿ ಯಾರೂ ಎತ್ತದಿರುವುದು ನನಗೆ ನೋವಿನ ಸಂಗತಿ; ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಓಡುವ ಆ ಹಳೆಯ ವಿದ್ಯೆಯನ್ನು ಹೊಸ ನೆಲದ ಮೇಲೆ ಅವರಷ್ಟು ಚೆನ್ನಾಗಿ ಉಳಿಸಿಕೊಂಡವರು ವಿರಳ.

ನನ್ನ ತೀರ್ಪನ್ನು ಹೇಳಬೇಕಾದರೆ, ಅಗ್ರಪೂಜೆ ಧ್ಯಾನ್‌ಚಂದರಿಗೇ. ಗೋಲುಗಳ ಸಂಖ್ಯೆಗಾಗಿ ಅಲ್ಲ. ನಿರ್ಣಾಯಕವಾದ ಗಳಿಗೆಯಲ್ಲಿ ಗೋಲು ಹೊಡೆಯುವ ಶಕ್ತಿಯಲ್ಲಿ ಬಲ್ಬೀರರೇ ಒಂದು ಕೈ ಮೇಲೆಂದು ಒಪ್ಪುತ್ತೇನೆ. ಆದರೆ 1928, 1932, 1936ರ ಮೂರು ತಂಡಗಳಲ್ಲಿಯೂ ಇದ್ದವರು ಧ್ಯಾನ್‌ಚಂದರು ಮತ್ತು ಗೋಲ್‌ಕೀಪರ್ ರಿಚರ್ಡ್ ಅಲೆನ್ ಇಬ್ಬರೇ. ಉಳಿದವರೆಲ್ಲ ಬಂದು ಹೋದರು, ಮುಂಪಡೆ ಮೂರು ಸಲ ಹೊಸದಾಗಿ ಕಟ್ಟಲ್ಪಟ್ಟಿತು, ಆಟದ ಲಯ ಮಾತ್ರ ಕೆಡಲಿಲ್ಲ. ತನ್ನ ಬಳಿಗೆ ಇಬ್ಬರು ಮೂವರು ರಕ್ಷಕರನ್ನು ಸೆಳೆದುಕೊಂಡು, ತೆರವಾದ ಜಾಗಕ್ಕೆ ಓಡಿಬಂದ ಜೊತೆಗಾರನ ಕೋಲಿನ ಮುಂದೆಯೇ ಚೆಂಡನ್ನಿಡುವ ಆ ವಿದ್ಯೆಯನ್ನು ಮುಂದಿನ ತಲೆಮಾರಿನ ಮುಂಪಡೆಗಳೆಲ್ಲ ಕಲಿತದ್ದು ಅವರ ಆಟದಿಂದ. ಬಲ್ಬೀರರ ಹೆಲ್ಸಿಂಕಿಯ ಐದು ಗೋಲುಗಳ ಹಿಂದೆಯೂ ಆ ಕಲಿಕೆ ಇದೆ.

ಎರಡನೆಯ ಸ್ಥಾನ ಬಲ್ಬೀರರಿಗೆ. ಮೂರನೆಯದಕ್ಕೆ ಮಾತ್ರ ನಾನು ಲೋಕದ ಪಟ್ಟಿಗಳನ್ನು ಬಿಟ್ಟು, ಮ್ಹೌ ಊರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸೇವೆ ಸಲ್ಲಿಸಿದ ಗೋಲ್‌ಕೀಪರ್ ಶಂಕರ್ ಲಕ್ಷ್ಮಣರ ಹೆಸರನ್ನು ಹೇಳುತ್ತೇನೆ. 1966ರಲ್ಲಿ ಬ್ಯಾಂಕಾಕಿನ ಏಷ್ಯಾ ಕ್ರೀಡಾಕೂಟದಲ್ಲಿ ಭಾರತವನ್ನು ಚಿನ್ನಕ್ಕೆ ನಡೆಸಿದ ನಾಯಕರೂ ಅವರೇ. 1956, 1960, 1964ರ ಮೂರು ಒಲಿಂಪಿಕ್ ಅಂತಿಮ ಪಂದ್ಯಗಳಲ್ಲಿ, ಪ್ರತಿಯೊಂದರಲ್ಲಿಯೂ ಪಾಕಿಸ್ತಾನದ ಎದುರಿಗೆ, ಅವರು ಗೋಲಿನ ಮುಂದೆ ನಿಂತರು. ಮೂರೂ ಪಂದ್ಯಗಳಲ್ಲಿ ಸೇರಿ ಅವರನ್ನು ದಾಟಿ ಒಳಗೆ ಹೋದ ಚೆಂಡು ಒಂದೇ.