ಎಣ್ಣೆ, ನಿಂಬೆರಸ ಕುಡಿದರೆ ಲಿವರ್ ‘ಕ್ಲೀನ್’ ಆಗುತ್ತದೆಯೇ?

ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಬೆಳಗ್ಗೆ ಪಿತ್ತಕೋಶದ ಕಲ್ಲುಗಳು ಹೊರಬೀಳುತ್ತವೆ, ಕೊಲೆಸ್ಟ್ರಾಲ್ ಕೂಡ ತೊಳೆದುಹೋಗುತ್ತದೆ ಎನ್ನುವ ಸಂದೇಶ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಜೊತೆಗೆ ಹಸಿರು ‘ಕಲ್ಲು’ಗಳ ಫೋಟೋ ಬೇರೆ. ಇದು ಸುಳ್ಳು. ಯಾಕೆಂದು ನೋಡೋಣ.

ಪಿತ್ತರಸ ಕೊಳೆಯಲ್ಲ

ಲಿವರ್, ಅಂದರೆ ಯಕೃತ್ತು, ಕೊಲೆಸ್ಟ್ರಾಲ್‌ನಿಂದ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಸೋಪು ಜಿಡ್ಡನ್ನು ಬಿಡಿಸುವಂತೆ ಇವು ಊಟದಲ್ಲಿನ ಎಣ್ಣೆ, ತುಪ್ಪವನ್ನು ಸಣ್ಣ ಹನಿಗಳಾಗಿ ಒಡೆಯುತ್ತವೆ. ಕೆಲಸ ಮುಗಿದ ಮೇಲೆ ಸುಮಾರು 95% ಪಿತ್ತಾಮ್ಲವನ್ನು ಕರುಳು ಹೀರಿಕೊಂಡು ಲಿವರ್‌ಗೆ ವಾಪಸ್ ಕಳಿಸುತ್ತದೆ. ಮಲದಲ್ಲಿ ಹೋಗುವುದು ದಿನಕ್ಕೆ ಸುಮಾರು ಅರ್ಧ ಗ್ರಾಂ. ಲಿವರ್ ಹೊಸದಾಗಿ ತಯಾರಿಸುವುದೂ ಅಷ್ಟನ್ನೇ.

ಎಷ್ಟು ಬೇಕೆಂದು ಗೊತ್ತಾಗುವುದು ಹೇಗೆ?

ತಯಾರಿಕೆಯ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಸಿವೈಪಿ7ಎ1 ಎಂಬ ಕಿಣ್ವ. ಪಿತ್ತಾಮ್ಲ ಸಾಕಷ್ಟಿದ್ದರೆ ಕರುಳಿನಿಂದ ಎಫ್‌ಜಿಎಫ್19 ಎಂಬ ಹಾರ್ಮೋನು ಲಿವರ್ ತಲುಪಿ ಈ ಕಿಣ್ವವನ್ನು ತಗ್ಗಿಸುತ್ತದೆ. ಕೊರತೆಯಾದರೆ ಕಿಣ್ವ ಹೆಚ್ಚುತ್ತದೆ. ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸಿ, ಖಾಲಿಯಾದಾಗ ಬಿಡುವ ಬಾಲ್ ವಾಲ್ವ್ ಇದ್ದಂತೆ.

ಓಟ್ಸ್, ಬಾರ್ಲಿ, ಇಸಬ್‌ಗೋಲ್‌ನ ನಾರು ಉಪಯೋಗಕ್ಕೆ ಬರುವುದು ಇಲ್ಲೇ. ಅದು ಪಿತ್ತಾಮ್ಲವನ್ನು ಹಿಡಿದುಕೊಂಡು ಮಲದೊಂದಿಗೆ ಹೊರಗೆ ಒಯ್ಯುತ್ತದೆ. ಆ ಕೊರತೆ ತುಂಬಲು ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ಕೊಲೆಸ್ಟೈರಮೀನ್ ಎಂಬ ಔಷಧಿ ಕೆಲಸ ಮಾಡುವುದೂ ಹೀಗೆಯೇ. ಆದರೆ ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರಿಕೆಯನ್ನೂ ಹೆಚ್ಚಿಸುವುದರಿಂದ ನಾರಿನಿಂದ ಆಗುವ ಇಳಿಕೆ ಸಾಧಾರಣ. ಅದು ಮಾತ್ರೆಗೆ ಬದಲಿಯಲ್ಲ.

ಹಾಗಾದರೆ ಆ ಹಸಿರು ‘ಕಲ್ಲು’ ಏನು?

ಇಂಥದ್ದೇ ಪ್ರಯೋಗ ಮಾಡಿದ್ದ ನ್ಯೂಜಿಲೆಂಡ್‌ನ ಒಬ್ಬ ಮಹಿಳೆಯ ‘ಕಲ್ಲು’ಗಳನ್ನು ವೈದ್ಯರು ಪರೀಕ್ಷಿಸಿದ ವರದಿ 2005ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತ್ತು. ಅವುಗಳಲ್ಲಿ ಸುಮಾರು 75% ಕೊಬ್ಬಿನಾಮ್ಲಗಳಿದ್ದವು. ಪಿತ್ತಕಲ್ಲಿನಲ್ಲಿರುವ ಕೊಲೆಸ್ಟ್ರಾಲ್ ಆಗಲಿ, ಬಿಲಿರುಬಿನ್ ಆಗಲಿ, ಕ್ಯಾಲ್ಸಿಯಂ ಆಗಲಿ ಇರಲಿಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಿನಂತೆ ಗಟ್ಟಿಯಾಗಿ ಹೊರಬಂದಿತ್ತು. ನಿಜವಾದ ಕಲ್ಲುಗಳು ಪಿತ್ತಕೋಶದಲ್ಲೇ ಇದ್ದವು. ಅವನ್ನು ಶಸ್ತ್ರಚಿಕಿತ್ಸೆ ಮಾಡಿಯೇ ತೆಗೆಯಬೇಕಾಯಿತು.

ಅಪಾಯ ಎಲ್ಲಿದೆ?

ಒಮ್ಮೆಲೇ ಹೆಚ್ಚು ಎಣ್ಣೆ ಕುಡಿದರೆ ಪಿತ್ತಕೋಶ ಬಲವಾಗಿ ಹಿಂಡಿಕೊಳ್ಳುತ್ತದೆ. ಆಗ ಕಲ್ಲು ಪಿತ್ತನಾಳಕ್ಕೆ ಜಾರಿ ಸಿಕ್ಕಿಕೊಳ್ಳಬಹುದು. ಬಲಗಡೆ ಪಕ್ಕೆಲುಬಿನ ಕೆಳಗೆ ತೀವ್ರ ನೋವು, ಜ್ವರ ಅಥವಾ ಕಣ್ಣು ಹಳದಿಯಾಗುವುದು ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಕೊಲೆಸ್ಟ್ರಾಲ್ ಮಾತ್ರೆಯನ್ನು ಫಾರ್ವರ್ಡ್ ನೋಡಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.