ಮರುಭೂಮಿಯ ಪಾತಿಯಲ್ಲಿ ಚಾರ್ಡ್ ಸೊಪ್ಪು

ಅಮೆರಿಕದ ಅರಿಜೋನಾ ಪ್ರಾಂತ್ಯದ ಟೂಸಾನ್ ನಗರದಲ್ಲಿ, ವರ್ಷವೊಂದಕ್ಕೆ 300 ಮಿಲಿಮೀಟರಿಗೂ ಕಡಮೆ ಮಳೆ ಬೀಳುವ ಆ ಸೊನೋರಾ ಮರುಭೂಮಿಯಲ್ಲಿ, ಚಳಿಗಾಲದುದ್ದಕ್ಕೂ ಹಿತ್ತಲುಗಳಲ್ಲಿ ಬಿಳಿಯ ದಂಟಿನ, ಸುಕ್ಕೆಲೆಯ ಚಾರ್ಡ್ ಸೊಪ್ಪು ಹುಲುಸಾಗಿ ಬೆಳೆಯುವುದನ್ನು ಕಂಡವರು ಅದನ್ನು ಬೀಜದ ಮಹಿಮೆಯೆಂದೇ ಬಗೆಯುವುದುಂಟು. ಅದು ಅರ್ಧಸತ್ಯ. ನಮ್ಮ ಬೀಟ್‌ರೂಟಿನ ಜಾತಿಗೇ ಸೇರಿದ, ಗಡ್ಡೆಗಾಗಿಯಲ್ಲದೆ ಎಲೆಗಾಗಿ ಸಾಕಲ್ಪಟ್ಟ ಈ ಸಸ್ಯದ ಮೂಲವಂಶವು ಯೂರೋಪಿನ ಕಡಲತೀರದ್ದಾದುದರಿಂದ ಉಪ್ಪುಮಣ್ಣನ್ನು ಸಹಿಸುವ ಗುಣ ಅದರ ರಕ್ತದಲ್ಲಿಯೇ ಇದೆ; ಮರುಭೂಮಿಯ ಕ್ಷಾರಮೃತ್ತಿಕೆ ಅದಕ್ಕೆ ಅಷ್ಟೇನೂ ಅಪರಿಚಿತವಲ್ಲ. ಆದರೆ ನೀರು?

ಪ್ರವಾಹದ ನೀರನ್ನು ಹೊಲಕ್ಕೆ ತಿರುಗಿಸಿ ಮೆಕ್ಕೆಜೋಳ, ಹುರುಳಿಯಂಥ ಕಾಳು, ಕುಂಬಳಗಳನ್ನು ಬೆಳೆಯುತ್ತಿದ್ದ ಇಲ್ಲಿನ ಮೂಲನಿವಾಸಿಗಳಾದ ಓಓಧಮ್ ಜನರ ನಾಡಿಗೆ 1687ರಲ್ಲಿ ಕೀನೋ ಎಂಬ ಕ್ರೈಸ್ತ ಪಾದ್ರಿ ಬಂದ ಮೇಲೆ ಗೋಧಿ, ಕೋಸು, ಈರುಳ್ಳಿ, ಬೆಳ್ಳುಳ್ಳಿಗಳು ಸ್ಪೇನಿನ ಮಠಗಳ ಕಾಲುವೆಯ ಬದಿಯಲ್ಲಿ ತಲೆಯೆತ್ತಿದವು. ಸ್ಪೇನಿನ ಕೈತೋಟದ ಆ ಪರಂಪರೆಗೆ ಸೇರಿದ ಚಾರ್ಡನ್ನು ಸೊನೋರಾದ ಅಡುಗೆಮನೆಗಳಲ್ಲಿ ಇಂದಿಗೂ ‘ಅಸೆಲ್ಗ’ ಎಂದೇ ಕರೆಯುತ್ತಾರೆ.

ಕಾಲುವೆಯಿಲ್ಲದೆಡೆ ಏನು ಮಾಡಬೇಕೆಂಬುದನ್ನು ನ್ಯೂ ಮೆಕ್ಸಿಕೊದ ಜೂನಿ ಬುಡಕಟ್ಟಿನ ಸ್ತ್ರೀಯರು ಬಲ್ಲವರಾಗಿದ್ದರು. ನದಿಯ ದಂಡೆಯಲ್ಲಿ ಜೇಡಿಮಣ್ಣನ್ನು ಅಂಗೈಯಿಂದ ತಟ್ಟಿ, ಸಣ್ಣ ಸಣ್ಣ ಚೌಕಗಳಾಗಿ ಬದು ಕಟ್ಟಿ, ಗಿಡವನ್ನು ಬದುವಿಗಿಂತ ತಗ್ಗಿನಲ್ಲಿ ನೆಟ್ಟು, ತಲೆಯ ಮೇಲೆ ಹೊತ್ತು ತಂದ ಕೊಡದ ನೀರನ್ನು ಸೋರೆಬುರುಡೆಯಿಂದ ಒಂದೊಂದು ಚೌಕಕ್ಕೂ ಎರೆದರೆ, ಅದರ ಒಂದು ಹನಿಯೂ ಆಚೆ ಹರಿಯದು, ಒಣಗಾಳಿಯೂ ಎಳೆಯ ಎಲೆಗೆ ನೇರವಾಗಿ ತಾಗದು. ನೀರು ನಿಂತೀತೆಂದು ಅಂಜಿ ಮಡಿಯನ್ನು ಎತ್ತರಿಸುವ ಮಳೆನಾಡಿನ ವಿದ್ಯೆಗೆ ಇದು ಪೂರ್ಣ ವಿಪರೀತ. ನಮ್ಮ ಬಯಲುಸೀಮೆಯ ರೈತನಿಗಾದರೋ ಪಾತಿಯ ಮರ್ಮವನ್ನು ವಿವರಿಸಬೇಕಾಗಿಲ್ಲ.

ಟೂಸಾನಿನವರು ಬಿಸಿಲು ಇಳಿದ ಅಕ್ಟೋಬರಿನಲ್ಲಿ ಬಿತ್ತಿ, ಹೊರಗಿನ ಎಲೆಗಳನ್ನಷ್ಟೆ ಮುರಿಯುತ್ತ ವಸಂತದವರೆಗೂ ಉಣ್ಣುತ್ತಾರೆ. 1934ರಲ್ಲಿ ಬರ್ಪೀ ಬೀಜ ಕಂಪನಿ ಮಾರುಕಟ್ಟೆಗೆ ತಂದ ‘ಫೋರ್ಡ್‌ಹುಕ್ ಜಯಂಟ್’ ಎಂಬ ಚಾರ್ಡ್ ಇಂದು ಪಾರಂಪರಿಕ ತಳಿಯೆಂಬ ಗೌರವವನ್ನು ಪಡೆದಿದೆ. ತೊಂಬತ್ತು ವರ್ಷಕ್ಕೆ ಪರಂಪರೆಯಾಗುವುದು ಆ ದೇಶದ ರೂಢಿಯಿದ್ದೀತು! ಗಾಳಿಯಿಂದ ಪರಾಗ ಪಡೆಯುವ ಈ ಗಿಡದ ಬೀಜ ಹಿಡಿಯಬಯಸುವವನು ಸುತ್ತಮುತ್ತ ಬೀಟ್‌ರೂಟು ಹೂ ಬಿಡದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ತಳಿ ಕೆಡುತ್ತದೆ.

ಇಷ್ಟಾಗಿಯೂ, ಊರಿನ ಪಕ್ಕದಲ್ಲಿ ಹರಿಯುತ್ತಿದ್ದ ಸಾಂತಾ ಕ್ರೂಸ್ ನದಿ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ಇಪ್ಪತ್ತನೆಯ ಶತಮಾನದಲ್ಲಿ ಬತ್ತಿತು. ಇಂದು ಟೂಸಾನಿನ ನಲ್ಲಿಗಳಿಗೆ ಬರುವ ನೀರು ಬಹುಮಟ್ಟಿಗೆ 500 ಕಿಲೋಮೀಟರಿಗೂ ಉದ್ದವಾದ ಕಾಲುವೆಯಲ್ಲಿ ಹರಿದುಬರುವ ಕೊಲರಾಡೋ ನದಿಯದು.