ಹೆಣ್ಣುದನಿ, ಗಂಡುದನಿ

ಹಾಡುವ ಹೆಂಗಸಿನ ದನಿ ತೆಳುವಾಗಿ, ಇಂಪಾಗಿ, ಏರುಸ್ಥಾಯಿಯಲ್ಲಿ ಹರಿಯಬೇಕೆಂಬ ನಿರೀಕ್ಷೆ ಧಾರವಾಡ ಸೀಮೆಯಲ್ಲಿ ಬಹುಕಾಲ ಇತ್ತು. ಎಲ್ಲಿ ಹಾಡಬೇಕೆಂಬುದಕ್ಕೂ ಕಟ್ಟಳೆಯಿತ್ತು. ಕರ್ಜಗಿ, ಹಾವೇರಿ, ಬ್ಯಾಡಗಿ, ಹಾನಗಲ್ಲುಗಳ ಮನೆಗಳಲ್ಲಿ ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡಿದವಳು ಗರತಿ. ಸಭೆಯಲ್ಲಿ ತಂಬೂರಿ ಹಿಡಿದು ಕೂತರೆ ಆ ಮರ್ಯಾದೆ ತಪ್ಪುತ್ತಿತ್ತು. ಹಾಡು ಅದೇ, ಕಂಠವೂ ಅದೇ. ಹೊಸ್ತಿಲು ದಾಟಿದ್ದಷ್ಟೇ ವ್ಯತ್ಯಾಸ.

ಗಂಡಸರಿಗೆ ಈ ಹೊಸ್ತಿಲು ಇರಲಿಲ್ಲ. ಕಂಪನಿ ನಾಟಕಗಳಲ್ಲಿ ಸೀರೆಯುಟ್ಟು ಸ್ತ್ರೀಪಾತ್ರ ವಹಿಸಿದ ನಟರು ಮನೆಮಾತಾದರು. ಕುಂದಗೋಳದ ರಾಮಭಾವು (1886–1952) ಅವರಲ್ಲೊಬ್ಬರು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಗೆ ಹೆಸರಾದ ಅವರನ್ನು, ಅದೇ ರಂಗದ ನಟ ಬಾಲಗಂಧರ್ವರಿಗಿಂತ ಕಾಲುಪಾಲು ಹೆಚ್ಚೆಂಬ ಅರ್ಥದಲ್ಲಿ ಸವಾಯಿ ಗಂಧರ್ವ ಎಂದು ಕರೆದರು. ಅವರ ಗುರು, ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರ ದನಿ ತೆಳು, ಏರುಶ್ರುತಿಯದು. ಅದರಿಂದ ಖಾನರ ಗಂಡಸುತನಕ್ಕೆ ಯಾವ ಕುಂದೂ ಬರಲಿಲ್ಲ. ಹೆಣ್ತನವೆಂಬುದು ಕಲಿತು ತೊಡಬಹುದಾದ ಕಲೆ ಎಂದು ಈ ರಂಗ ಒಪ್ಪಿಕೊಂಡಿತ್ತು, ತೊಡುವವನು ಗಂಡಾಗಿದ್ದರೆ.

ಇದೇ ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದ ಅವರ ಹೆಸರಿಗೆ ಅಂಟಿದ ಊರು ತಾಯಿಯ ಕಡೆಯದು, ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದುಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತನ್ನ ಹಾಡನ್ನೇ ಬದಿಗಿಟ್ಟವರು. ಇಂಥ ತ್ಯಾಗವನ್ನು ಸಂಗೀತದ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ಅನ್ಯಾಯ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಮುಂದೆ ಸ್ವಾಗತಗೀತೆ ಹಾಡಿದ ಬಾಲಕಿಯನ್ನು ಕಾಡಿದ್ದು ತಾಳ ತಪ್ಪುವ ಭಯವಲ್ಲ, ಊಟಕ್ಕೆ ಬೇರೆ ಕೂರಿಸುತ್ತಾರೇನೋ ಎಂಬ ಭಯ. ಬೀದಿಯಲ್ಲಿ ‘ಗಾನೇವಾಲಿ’ ಎಂಬ ಹೀಯಾಳಿಕೆಯನ್ನೂ ಅವರು ಕೇಳಿಸಿಕೊಂಡರು.

1930ರ ದಶಕದ ಕೊನೆಯ ಹೊತ್ತಿಗೆ ಪಾಠ ಗಟ್ಟಿಯಾಗಿ ನಡೆಯತೊಡಗಿತು. ಹುಬ್ಬಳ್ಳಿಯಿಂದ ಕರ್ಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನತ್ತ ಸಾಗುವ ರೈಲಿನಲ್ಲಿ ಕುಂದಗೋಳಕ್ಕೆ ಇಳಿದು, ಕಲಿತು, ಮರಳುವುದು. ಮನೆಯ ಸಂಸಾರಭಾರವನ್ನೂ ಅವರೇ ಹೊತ್ತಿದ್ದರು.

ಆ ಮೊದಲು ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಬಂದ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ಎಳೆಯ, ತೆಳು ದನಿ. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ಬಳಿಕ ಅದು ಇಳಿದು, ದಪ್ಪವಾಗಿ, ಗಂಡುದನಿಯೆಂದು ಕೇಳುಗರು ಬೆರಗಾಗುವಂತಾಯಿತು. ಗಂಗೂಬಾಯಿ ಅದನ್ನು ಮರೆಮಾಚಲಿಲ್ಲ. ಠುಮರಿ, ಭಜನೆಗಳಿಂದ ಕ್ರಮೇಣ ದೂರ ಸರಿದು, ರಾಗವನ್ನು ಒಂದೊಂದೇ ಸ್ವರವಾಗಿ ಬೆಳೆಸುವ ವಿಲಂಬಿತ ಖಯಾಲಿನಲ್ಲಿ ನಿಂತರು. ಶೃಂಗಾರ, ಲಾಲಿತ್ಯಗಳೇ ಗಾಯಕಿಯ ಪಾಲೆಂಬ ನಂಬಿಕೆ ಆ ಖರಜದ ಸ್ವರಗಳ ಮುಂದೆ ನಿಲ್ಲಲಿಲ್ಲ. ಹೆಣ್ಣು ಹೆಣ್ಣಾಗಿಯೇ ಹುಟ್ಟುವುದಿಲ್ಲ, ಆಗುತ್ತಾಳೆ ಎಂಬ ವಿಚಾರವನ್ನು ಸಿಮೋನ್ ದ ಬೊವಾ ಫ್ರಾನ್ಸಿನಲ್ಲಿ ಮಂಡಿಸಿದ್ದು 1949ರಲ್ಲಿ. ಕನ್ನಡದ ಸ್ತ್ರೀವಾದಿ ಚರ್ಚೆ ಅದಕ್ಕೂ ಎಷ್ಟೋ ತಡ. ಸ್ತ್ರೀಪಾತ್ರದ ಗುರು, ಗಂಡುದನಿಯ ಶಿಷ್ಯೆ: ಕುಂದಗೋಳದ ಈ ಜೋಡಿ ಅದೇ ಮಾತನ್ನು ಸ್ವರದಲ್ಲಿ ತೋರಿಸಿತ್ತು.

ಬಿರುದಿನ ವಿಷಯದಲ್ಲಿ ಮಾತ್ರ ಕಟ್ಟಳೆ ಸಡಿಲವಾಗಲಿಲ್ಲ. ಗಾಯಕ ಮುಸ್ಲಿಮನಾದರೆ ಉಸ್ತಾದ, ಹಿಂದೂವಾದರೆ ಪಂಡಿತ; ಕೇಸರಬಾಯಿ, ಮೋಗುಬಾಯಿಯಂಥ ಗಾಯಕಿಯರು ಕಡೆತನಕ ‘ಬಾಯಿ’ಗಳೇ ಎಂದು ಗಂಗೂಬಾಯಿ ನೇರವಾಗಿ ಎತ್ತಿ ಆಡಿದ್ದರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದ ಮೇಲೂ ಅವರು ಗಂಗೂಬಾಯಿಯಾಗಿಯೇ ಉಳಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಮಗಳು ಕೃಷ್ಣಾ 2004ರಲ್ಲಿ ಅಗಲುವವರೆಗೂ ಕಛೇರಿಗಳಲ್ಲಿ ತಾಯಿಯ ಪಕ್ಕದಲ್ಲಿ ಕೂತು ದನಿಗೂಡಿಸುತ್ತಿದ್ದರು.